ಅತ್ಯಾ ಒಂದು ಮಾಡಿದ ಜರ್ಮನಿ

ಜರ್ಮನಿಯನ್ನು ಒಂದು ಮಾಡಿದ್ದು ತಾನೇ ಎಂದು ನಮ್ಮ ಅತ್ಯಾ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಕೊಂಡಿಲ್ಲ. ಆದರೆ ಯಾರಾದರೂ ಹಾಗೆ ತಿಳಿದುಕೊಂಡರೆ ತಿದ್ದುವ ಗೋಜಿಗೂ ಹೋಗಿಲ್ಲ! ಲಂಡನ್ನಿನ ಹ್ಯಾರೋದಲ್ಲಿರುವ ಅವಳ ಮನೆಗೆ ಮೊದಲ ಸಲ ಹೋದವರು ಹಾಗೆ ತಿಳಿದುಕೊಂಡರೆ ಅದರಲ್ಲಿ ಅವರ ತಪ್ಪೂ ಇಲ್ಲ. ಬೇರೆ ಕನ್ನಡದವರ ಮನೆಗಳಲ್ಲಿ ಬಾಗಿಲು ತೆಗೆದೊಡನೆ ಗಣಪತಿಯೋ, ದಸರಾ ದೀಪದ ಅರಮನೆಯೋ, ಮಕ್ಕಳ ಗ್ರಾಜುಯೇಷನ್ ಫೋಟೋವೋ ಎದುರಾಗುತ್ತದೆ. ಅತ್ಯಾನ ಮನೆಯಲ್ಲಿ ಮಾತ್ರ ಆಳೆತ್ತರದ ಜರ್ಮನ್ ಅಭ್ಯರ್ಥಿಗಳು ಸಾಲಾಗಿ ನಿಂತು ನಿಮ್ಮ ಮತ ಕೇಳುತ್ತಾರೆ.

ಅತ್ಯಾ ಎಂದರೆ ನನ್ನ ಅಪ್ಪನ ತಂಗಿ. ಧಾರವಾಡದ ಹುಡುಗಿ. ಸ್ಕಾಲರ್‌ಶಿಪ್ ಸಿಕ್ಕಿತೆಂದು ವೈದ್ಯಕೀಯ ಓದಲು ಆಗಿನ ಪೂರ್ವ ಜರ್ಮನಿಯ ಲೈಪ್‌ಜಿಗ್ ಊರಿಗೆ ಹೋದಳು. ಓದುತ್ತಿರುವಾಗಲೇ ಬರ್ಲಿನ್ ಗೋಡೆ ಬಿತ್ತು, ಚುನಾವಣೆ ಬಂತು, ಎರಡು ಜರ್ಮನಿಗಳು ಒಂದಾದವು. ಆ ಗಲಾಟೆಯಲ್ಲಿ ಊರ ಗೋಡೆಗಳಿಗೆಲ್ಲ ಅಂಟಿಸಿದ್ದ ಪೋಸ್ಟರುಗಳನ್ನು ನಮ್ಮ ಅತ್ಯಾ ಕಿತ್ತು ತಂದಳು. ಹೇಗೆ ಗೊತ್ತೇ? ಕೆಟಲಿನ ಬಿಸಿನೀರು ಸುರಿದು, ಧಾರವಾಡದಿಂದ ಒಯ್ದಿದ್ದ ದೋಸೆ ಮಗುಚುವ ಸಟ್ಟುಗದಿಂದ ಮೆಲ್ಲಗೆ ಎಬ್ಬಿಸಿ! ಆಮೇಲೆ ಲಂಡನ್ನಿಗೆ ಬಂದಳು, ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡುವ ಡಾಕ್ಟರಾದಳು, ಮೈಸೂರಿನ ಡಾಕ್ಟರೊಬ್ಬರನ್ನು ಮದುವೆಯಾದಳು. ಬರ್ಲಿನ್ನಿನಲ್ಲಿ ಬಿದ್ದದ್ದು ಒಂದು ಗೋಡೆ. ಅದಕ್ಕೆ ಹ್ಯಾರೋದಲ್ಲಿ ಒಂದು ಮನೆಯ ಅಷ್ಟೂ ಗೋಡೆಗಳು ಬಲಿಯಾದವು ಎಂದು ಆ ಮೈಸೂರಿನ ಮಾಮಾ ಈಗಲೂ ನಿಟ್ಟುಸಿರು ಬಿಡುತ್ತಾರೆ.

ನಾನು ಕೆಲಸದ ವೀಸಾ ಹಿಡಿದು ಈ ಊರಿಗೆ ಬಂದಾಗ ಕ್ವೀನ್ಸ್‌ಬರಿಯಲ್ಲಿ ಫ್ಲ್ಯಾಟ್ ಸಿಗುವವರೆಗೆ ಅತ್ಯಾನ ಮನೆಯಲ್ಲೇ ಇದ್ದೆ. ನನಗೆ ಕೊಟ್ಟ ಕೋಣೆಯ ಒಂದು ಗೋಡೆಯ ಮೇಲೆ ಭಾರೀ ಮೈಕಟ್ಟಿನ, ಸೂಟು ತೊಟ್ಟ ಒಬ್ಬ ಮಹಾನುಭಾವ. ಎದುರಿನ ಗೋಡೆಯ ಮೇಲೆ ಸಣಕಲ ಗಡ್ಡದವನೊಬ್ಬ. ಇಬ್ಬರೂ ನನ್ನ ಹಾಸಿಗೆಯನ್ನೇ ನೋಡುತ್ತಿದ್ದರು. ಹೊಸ ದೇಶ, ಹೊಸ ಚಳಿ, ಅದರ ಜೊತೆಗೆ ಇವರು ಬೇರೆ!

"ಅತ್ಯಾ, ಇವರ ಮುಂದ ನಾ ಹೆಂಗ ಮಲಗ್ಲಿ?" ಎಂದೆ.

"ಹೆಂಗಂದ್ರ? ಆ ದಪ್ಪನ್ನಾಂವ ಗೆದ್ದಾಂವ, ಈ ಗಡ್ಡದಾಂವ ಸೋತಾಂವ. ಸೋತಾಂವನ ಕಡೆ ತಲಿ ಮಾಡಿ ಮಲಗು. ಪಾಪ, ಯಾರರೆ ಒಬ್ಬರು ಅವನ ಕಡೆ ಇರಲಿ," ಎಂದು ಹೊದಿಕೆ ಸರಿಮಾಡಿ ಹೋದಳು.

ಆ ಗಡ್ಡದವನ ಭಾಗ್ಯ ತೆರೆದದ್ದು ಮುಂದೆ, ಸತ್ಯನಾರಾಯಣ ಪೂಜೆಯ ದಿನ. ಜನ ಹೆಚ್ಚಾಗುತ್ತಾರೆಂದು ಪೂಜೆಯನ್ನು ನನಗೆ ಕೊಟ್ಟಿದ್ದ ಆ ದೊಡ್ಡ ಕೋಣೆಯಲ್ಲೇ ಇಟ್ಟುಕೊಂಡಿದ್ದರು. ಪುರೋಹಿತರು ಹೊಸಬರು. ಕಲಶಕ್ಕೆ ಗಂಧ ಹಚ್ಚಿದರು, ದೇವರಿಗೆ ಹಚ್ಚಿದರು, ಹಾಗೆಯೇ ಎದ್ದು ನಿಂತು ಬಹಳ ಭಕ್ತಿಯಿಂದ ಗೋಡೆಯ ಮೇಲಿನ ಗಡ್ಡದವನ ಹಣೆಗೂ ಗಂಧ, ಕುಂಕುಮ ಹಚ್ಚಿಬಿಟ್ಟರು! ಮಾಮಾ ನಗು ತಡೆಯಲು ಉತ್ತರೀಯದ ತುದಿಯನ್ನು ಬಾಯಿಗೆ ತುರುಕಿಕೊಂಡರು.

"ಯಾವ ಪೀಠದ ಗುರುಗಳು, ತಾಯಿ?" ಎಂದು ಪುರೋಹಿತರು ಕೇಳಿದರು.

"ಪೀಠ ಎಲ್ಲಿಂದ ಬರಬೇಕ್ರಿ! ಒಂದ ಸೀಟೂ ಬರಲಿಲ್ಲ ಅವಗ," ಎಂದಳು ಅತ್ಯಾ. "ಇರ್ಲಿ ಬಿಡ್ರಿ, ಅವನ ದೇಶದಾಗಂತೂ ಯಾರೂ ಕೇಳಲಿಲ್ಲ. ನಮ್ಮ ಮನ್ಯಾಗರೆ ಪೂಜಾ ಆಗ್ಲಿ. ಮುಂದ ನಡೀರಿ."

ಕುಂಕುಮವನ್ನು ಅವಳು ಒರೆಸಲೂ ಇಲ್ಲ. ಅದೂ ಈಗ ಚರಿತ್ರೆಯಂತೆ!

ಮಾಮಾ ಈ ಜರ್ಮನ್ನರ ಜೊತೆ ಹೇಗೆ ಬಾಳುತ್ತಾರೆ ಎಂದು ನೀವು ಕೇಳಬಹುದು. ಅವರಿಗೆ ಒಂದೇ ಒಂದು ಪೋಸ್ಟರ್ ಇಷ್ಟ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ 'ಇನ್ನು ಪ್ರಯೋಗಗಳು ಸಾಕು' ಎಂಬರ್ಥದ ಜರ್ಮನ್ ಘೋಷಣೆ ಇದೆ. ಅತ್ಯಾ ಒಮ್ಮೆ ಜರ್ಮನ್ ಹುಳಿ ಕೋಸನ್ನು ಜೋಳದ ರೊಟ್ಟಿಯೊಳಗೆ ತುಂಬಿ ಬಡಿಸಿದ ಮರುದಿನವೇ ಮಾಮಾ ಆ ಪೋಸ್ಟರನ್ನು ಹಾಲ್‌ನಿಂದ ತೆಗೆದು, ಒಲೆಯ ಎದುರಿಗೆ ನೇತುಹಾಕಿದರು.

"ನಿಮಗ ಜರ್ಮನ್ ಓದ್ಲಿಕ್ಕೆ ಯಾವಾಗ ಬಂತು?" ಎಂದು ಅತ್ಯಾ ಹುಬ್ಬೇರಿಸಿದಳು.

"ಹೊಟ್ಟೆ ಕೆಟ್ಟಾಗ ಎಲ್ಲಾ ಭಾಷೆಯೂ ಬರುತ್ತೆ ಕಣೇ," ಎಂದರು ಮಾಮಾ.

ಒಮ್ಮೆ ಒಬ್ಬ ಮ್ಯೂಸಿಯಂನವನು ಬಂದಿದ್ದ. ಸಭ್ಯ ಇಂಗ್ಲಿಷ್ ಮನುಷ್ಯ. ಬಿಳಿ ಕೈಗವಸು ಹಾಕಿಕೊಂಡು ಒಂದೊಂದೇ ಪೋಸ್ಟರನ್ನು ಮುಟ್ಟಿ ನೋಡಿದ. ಅತ್ಯಾ ತನ್ನ ಹಳೆಯ ಚಾಳಿಯಂತೆ ಪ್ರತಿಯೊಂದನ್ನೂ ಎಕ್ಸ್‌ರೇ ಹಿಡಿದ ಹಾಗೆ ಕಿಟಕಿಯ ಬೆಳಕಿಗೆ ಹಿಡಿದು, ಕಾಗದದ ಎಲುಬು, ಪಕ್ಕೆಲುಬು ವಿವರಿಸಿದಳು. ಅವನು ಬೆರಗಾಗಿ ಹೋದ. ಎಲ್ಲವನ್ನೂ ತಮ್ಮ ಮ್ಯೂಸಿಯಂಗೆ ಕೊಡಿ ಎಂದು ಕೇಳಿದ. ಅತ್ಯಾ ಬಹುಶಃ ಒಪ್ಪುತ್ತಿದ್ದಳೋ ಏನೋ. ಅಷ್ಟರಲ್ಲಿ ಆ ಬಡಪಾಯಿ, ಹರಿದ ಮೂಲೆಗಳನ್ನೆಲ್ಲ ತಾವು ರಿಪೇರಿ ಮಾಡಿಸಿ ಹೊಸದರಂತೆ ಮಾಡುತ್ತೇವೆ ಎಂದುಬಿಟ್ಟ.

"ಅದು ಹರಿದದ್ದಲ್ಲ, ನನ್ನ ಉಗುರು," ಎಂದು ಅತ್ಯಾ ತಣ್ಣಗಿನ ಇಂಗ್ಲಿಷಿನಲ್ಲಿ ಹೇಳಿದಳು. "ಮಾರ್ಚ್ ತಿಂಗಳ ಚಳಿಯಲ್ಲಿ, ಸಟ್ಟುಗ ಹೋಗದ ಮೂಲೆಗಳನ್ನು ಉಗುರಿನಿಂದ ಕೆರೆದಿದ್ದೇನೆ. ನನ್ನ ಉಗುರನ್ನು ನೀವು ಹೇಗೆ ರಿಪೇರಿ ಮಾಡುತ್ತೀರಿ?"

ಅವನಿಗೆ ಕೇಸರಿಭಾತು ಸಿಕ್ಕಿತು, ಪೋಸ್ಟರು ಸಿಗಲಿಲ್ಲ.

ಇಂಥ ಅತ್ಯಾನ ಕಿವಿಗೆ ಕಳೆದ ನವೆಂಬರಿನಲ್ಲಿ ಒಂದು ಸುದ್ದಿ ಬಿತ್ತು. ನಮ್ಮ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಆ ಸಲದ ವಿಷಯ 'ಏಕೀಕರಣ'. ಮನೆಯಲ್ಲಿ ಹಳೆಯ ಚಿತ್ರ, ಫೋಟೋ ಇದ್ದವರು ತರಬೇಕೆಂದು ಬಳಗದ ಕಾಗದ ಬಂದಿತ್ತು. ಮುಗಿಯಿತಲ್ಲ! ಮಾಮಾನ ಕಾರಿನ ಕಿಟಕಿಯಿಂದ ಕಾಗದದ ಸುರುಳಿಗಳು ತೋಪಿನ ಬಾಯಿಯಂತೆ ಹೊರಚಾಚಿಕೊಂಡು ಸಭಾಂಗಣಕ್ಕೆ ಬಂದವು. ನಾನು ಹಿಂದಿನ ಸೀಟಿನಲ್ಲಿ ಗೆದ್ದವನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

ಬಳಗದ ಕಾರ್ಯದರ್ಶಿ ಬೆಂಗಳೂರಿನವರು, ಬಹಳ ಮೃದು. "ಮೇಡಂ, ತಪ್ಪು ತಿಳ್ಕೋಬೇಡಿ. ಇದು ಕರ್ನಾಟಕದ ಏಕೀಕರಣ..."

"ಯಾವ ದೇಶದ್ದು ಅಂತ ನೀವು ಕಾಗದದಾಗ ಬರದಿರೇನು?"

"ಇಲ್ಲ, ಆದ್ರೆ ರಾಜ್ಯೋತ್ಸವ ಅಂದ್ಮೇಲೆ..."

"ನಾ ಧಾರವಾಡದಾಕಿ. ಏಕೀಕರಣ ಅಂದ್ರ ಏನಂತ ನನಗ ಹೇಳಬ್ಯಾಡ್ರಿ. ಮೈಸೂರಿನವರನ್ನ ಒಪ್ಪಿಸೋದು ಎಷ್ಟು ಕಷ್ಟ ಅಂತ ನನಗ ಮನ್ಯಾಗ ದಿನಾ ಗೊತ್ತಾಗತದ!"

"ನಾವು ಒಪ್ಪಿದ್ವಿ ಕಣೇ, ಆದ್ರೆ ರೊಟ್ಟೀಗಲ್ಲ," ಎಂದು ಮಾಮಾ ಸುರುಳಿಗಳ ಹಿಂದಿನಿಂದ ದನಿ ಸೇರಿಸಿದರು.

ಕಾರ್ಯದರ್ಶಿ ಸೋತರು. ಆದರೆ ಜಾಣತನದಿಂದ, ಯಾರೂ ನೋಡದ ಜಾಗ ಇರಲಿ ಎಂದು ಅಡುಗೆಮನೆಗೆ ಹೋಗುವ ಕಾರಿಡಾರನ್ನು ಕೊಟ್ಟರು. ಕನ್ನಡಿಗರ ಸಮಾರಂಭದಲ್ಲಿ ಊಟದ ಕ್ಯೂ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಆ ಪುಣ್ಯಾತ್ಮರು ಮರೆತಿದ್ದರು! ವೇದಿಕೆಯ ಭಾಷಣಕ್ಕೆ ಇದ್ದ ಜನರಿಗಿಂತ ದುಪ್ಪಟ್ಟು ಜನ ತಟ್ಟೆ ಹಿಡಿದು ಜರ್ಮನಿಯ ಮುಂದೆ ನಿಂತರು. ಅತ್ಯಾ ರಾಣಿಯಂತೆ ಓಡಾಡುತ್ತ ವಿವರಿಸಿದಳು. "ಇವ್ರೆಲ್ಲ ಕನ್ನಡ ಹೋರಾಟಗಾರರಾ ಆಂಟಿ?" ಎಂದು ಒಬ್ಬ ಕೇಳಿದ್ದಕ್ಕೂ ಅವಳು ಕೋಪಿಸಿಕೊಳ್ಳಲಿಲ್ಲ.

ನಾನು ಉಳಿದ ಕೊನೆಯ ಸುರುಳಿಯನ್ನು ಬಿಚ್ಚಿ ಬಾಗಿಲ ಪಕ್ಕದಲ್ಲಿ ಅಂಟಿಸಿದೆ. ಅದನ್ನು ನಾನು ಯಾವತ್ತೂ ನೋಡಿರಲಿಲ್ಲ. ಚಿತ್ರವೇ ಇಲ್ಲ, ಬರೀ ಒಂದು ಸಾಲಿನ ದೊಡ್ಡ ಅಕ್ಷರಗಳು. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಯಾರೋ ಕೈಯಿಂದ ಬರೆದ ಎರಡು ಪುಟ್ಟ ಪದಗಳು. ಅತ್ಯಾ ತಿರುಗಿ ನೋಡಿ ಮಾತು ನಿಲ್ಲಿಸಿದಳು.

"ಇದು ಕಪಾಟಿನಾಗಿತ್ತಲ್ಲ. ಇದನ್ನ ಯಾರು ತಂದ್ರು?"

ಮಾಮಾ ತಮ್ಮ ತಟ್ಟೆಯನ್ನೇ ನೋಡುತ್ತ ನಿಂತಿದ್ದರು. ತಂದವರು ಯಾರೆಂದು ನನಗೆ ತಿಳಿಯಿತು.

ಕ್ಯೂನಿಂದ ಆಚೆ, ಗೋಡೆಗೆ ಒರಗಿ ಒಬ್ಬ ಹುಡುಗಿ ಒಂಟಿಯಾಗಿ ನಿಂತಿದ್ದಳು. ಗದಗಿನ ಕಡೆಯವಳು, ಮದುವೆಯಾಗಿ ಹೊಸದಾಗಿ ಬಂದಿದ್ದಾಳೆ, ಗಂಡನಿಗೆ ಶಿಫ್ಟ್ ಎಂದು ಯಾರೋ ಬಾಗಿಲಲ್ಲಿ ಹೇಳಿದ್ದರು. ಬಂದಾಗಿನಿಂದ ಯಾರೊಡನೆಯೂ ಮಾತಾಡಿರಲಿಲ್ಲ. ಈಗ ಮೆಲ್ಲಗೆ ಕೇಳಿದಳು, "ಇದ್ರಾಗ ಏನ್ ಬರದೈತ್ರಿ?"

ಅತ್ಯಾ ಪೋಸ್ಟರಿನ ಸುರುಳಿಕೊಂಡ ಅಂಚನ್ನು ಅಂಗೈಯಿಂದ ಸರಿಮಾಡಿದಳು.

"ಮ್ಯಾಲೆ ಅಚ್ಚಾಗಿದ್ದು, 'ನಾವು ಒಂದೇ ಜನ' ಅಂತ. ಆಗ ಊರ ತುಂಬ ಇದ ಇತ್ತು. ನನ್ನ ರೂಮ್‌ಮೇಟಿಗೆ ಇದನ್ನ ಕಂಡ್ರ ಆಗತಿದ್ದಿಲ್ಲ. ಅಕೀದು ಒಂದಾಗೋದು ಬ್ಯಾಡ ಅಂತಿದ್ದ ಸೋತ ಪಾರ್ಟಿ. ಎಲ್ಲಾ ಒಂದಾದ ಮ್ಯಾಲೆ, ಒಂದಿನ ಟ್ರಾಮಿನಾಗ ನಾಕ ಹುಡುಗ್ರು ನನ್ನ ಸುತ್ತ ನಿಂತ್ರು. ಇದು ಇನ್ನ ನಮ್ಮ ದೇಶ, ನೀ ಇಳಿ ಅಂದ್ರು. ಟ್ರಾಮ್ ತುಂಬ ಜನ ಇದ್ರು, ಒಬ್ರೂ ತಲಿ ಎತ್ತಲಿಲ್ಲ. ನಾ ಇಳದು ನಡಕೋತ ರೂಮಿಗೆ ಬಂದೆ, ಸೂಟ್‌ಕೇಸ್ ತಗದು ಬಟ್ಟಿ ತುಂಬ್ಲಿಕ್ಕೆ ಹತ್ತಿದೆ."

ತಟ್ಟೆಗಳ ಸದ್ದು ಕಡಿಮೆಯಾಗಿತ್ತು.

"ರೂಮ್‌ಮೇಟ್ ಅದನ್ನ ನೋಡಿದ್ಲು. ಹೊರಗ ಹೋದ್ಲು, ತನಗ ಸೇರದ ಇದ ಪೋಸ್ಟರ್ ಗ್ವಾಡಿಯಿಂದ ಕಿತ್ತಕೊಂಡು ಬಂದ್ಲು. ಅದ್ರ ಬುಡಕ್ಕ ಪೆನ್ನಿಲೆ ಬರದು, ಎಲ್ಲಾರಿಗೂ ಕಾಣೋ ಹಂಗ ನಮ್ಮ ರೂಮಿನ ಬಾಗಲಾ ಹೊರಗ ಅಂಟಿಸಿದ್ಲು. ನನ್ನ ಓದು ಮುಗಿಯೂತನಕ ಅಲ್ಲೇ ಇತ್ತು."

"ಬುಡಕ್ಕ ಏನಂತ ಬರದಾರ್ರಿ?"

"'ಇಕೀನೂ ಸೇರಿ,'" ಎಂದಳು ಅತ್ಯಾ.

ಹುಡುಗಿ ಆ ಕೆಂಪು ಅಕ್ಷರಗಳನ್ನೇ ನೋಡುತ್ತ ನಿಂತಳು. ಆಮೇಲೆ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡಳು. ಅತ್ಯಾ ಅದನ್ನು ನೋಡದವಳಂತೆ ಮುಂದೆ ಹೋಗಿ ಅವಳ ಮುಂಗೈ ಹಿಡಿದಳು.

"ಊಟಾ ಆಗಿಲ್ಲಲಾ ನಿಂದು? ಬಾ."

ಇಡೀ ಕ್ಯೂ ದಾಟಿಸಿ ನೇರವಾಗಿ ಬಿಸಿಬೇಳೆಭಾತಿನ ಪಾತ್ರೆಯ ಮುಂದೆ ಒಯ್ದು ನಿಲ್ಲಿಸಿದಳು. ಬಡಿಸುತ್ತಿದ್ದ ಕಾರ್ಯದರ್ಶಿ ಸೌಟನ್ನು ಗಾಳಿಯಲ್ಲೇ ಹಿಡಿದು, "ಮೇಡಂ, ಕ್ಯೂ..." ಎಂದರು.

"ನಮ್ಮ ಮನೀ ಹುಡುಗೀರಿ. ಹಾಕ್ರಿ," ಎಂದಳು ಅತ್ಯಾ. ಅಷ್ಟರಲ್ಲಿ ಮಾಮಾ ಮೂಲೆಯ ಟೇಬಲ್ಲಿಗೆ ಇನ್ನೊಂದು ಕುರ್ಚಿ ಎಳೆದಿಟ್ಟು, ಅದರ ಸೀಟನ್ನು ತಮ್ಮ ಕರವಸ್ತ್ರದಿಂದ ಒರೆಸುತ್ತಿದ್ದರು.