ಕಾಲಂ ಇಲ್ಲದ ಅಕ್ಕಿ

ಲಾರಿ ಪರ್ಮಿಟ್ ನೀಡುವ ವೆಬ್ ಸರ್ವಿಸಿನ ಇಂಟರ್‌ಫೇಸ್ ಗುಣಮಟ್ಟವು ಈ ತಿಂಗಳ ಒಂದನೆಯ ತಾರೀಖಿನಿಂದ ಶೇಕಡಾ ನೂರಕ್ಕೆ ಏರಿದೆ ಎಂದು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಗುಣಮಟ್ಟ ಸುಧಾರಣಾ ಸಮಿತಿಯಲ್ಲಿ ನಾನೂ ಇದ್ದೆ. ಹೆಮ್ಮೆ ಇದೆ, ಮುಚ್ಚಿಡುವುದೇಕೆ?

ಮೊದಲು ಹೀಗಿತ್ತು: ಕುರುಗೋಡಿನ ಚೆಕ್‌ಪೋಸ್ಟಿನ ಕಂಪ್ಯೂಟರ್ ಪ್ರತಿ ಲಾರಿಯ ವಿವರ ಕಳಿಸಬೇಕು, ಬಳ್ಳಾರಿ ಕಚೇರಿಯ ಕಂಪ್ಯೂಟರ್ ಅದನ್ನು ಪರಿಶೀಲಿಸಿ ಪರ್ಮಿಟ್ ಕೊಡಬೇಕು. ಸರಕು ಯಾವುದು, ತೂಕವೆಷ್ಟು, ಎಲ್ಲಿಗೆ ಎಂಬ ಮೂರು ಕಾಲಂ. ದಿನಕ್ಕೆ ನಾನೂರು ತಪ್ಪು. ಅದಿರಿನ ಲಾರಿಗಳು ಸಾಲುಗಟ್ಟಿ ನಿಂತವು, ಗಣಿ ಧಣಿಗಳು ಮೇಲಿನವರಿಗೆ ಫೋನ್ ಹಚ್ಚಿದರು. ಆಗ ನಮ್ಮ ಪರಿಣತ ಪ್ರಾಣೇಶ ರೋಗದ ಬೇರನ್ನೇ ಹಿಡಿದರು.

"ಖಾಲಿ ಜಾಗ ಇಟ್ರ ತಾನೇ ಮಂದಿ ತಪ್ಪು ತುಂಬೋದು? ಜಾಗಾನೇ ಬ್ಯಾಡ."

ಮೂರಕ್ಕೂ ಉತ್ತರವನ್ನು ಮೊದಲೇ ತುಂಬಿಟ್ಟೆವು: ಕಬ್ಬಿಣದ ಅದಿರು, ಹದಿನಾರು ಟನ್, ರೈಲ್ವೆ ಸೈಡಿಂಗ್. ಮಾಲೀಕರ ಹೆಸರು ಬರೆದು ಗುಂಡಿ ಒತ್ತಿದರೆ ಮುಗಿಯಿತು. ತಪ್ಪು ಸೊನ್ನೆಗಿಳಿಯಿತು. ಪ್ರಾಣೇಶರಿಗೆ ಶಾಲು ಹೊದಿಸಿದೆವು.

ಅದರ ಮುಂದಿನ ಭಾನುವಾರ ಸಿರುಗುಪ್ಪದ ದರ್ಜಿ ಕರೀಮಸಾಬರು ಹತ್ತು ಚೀಲ ಅಕ್ಕಿಯ ಮಿನಿ ಲಾರಿಯೊಂದಿಗೆ ಚೆಕ್‌ಪೋಸ್ಟಿಗೆ ಬಂದರು. ಮಧ್ಯಾಹ್ನ ಗಂಡಿನ ಊರಾದ ಕೊಳಗಲ್ಲಿನಲ್ಲಿ ಮಗಳು ಸುಹಾನಾಳ ನಿಕಾ. ಊಟದ ಹೊಣೆ ಹೆಣ್ಣಿನ ಕಡೆಯದು. ಊಟ ಕಡಿಮೆಯಾದರೆ ಬೀಗಿತ್ತಿ ಅಕ್ತರಬಿ ಮದುವೆಯನ್ನೇ ಮುರಿಯುವವರು.

"ಇದು ಅಕ್ಕಿ ಐತ್ರಿ ಅಮ್ಮಾರ."

"ನನಗ ಕಾಣಾಕತ್ತದ ಕಾಕಾ," ಎಂದಳು ಆಪರೇಟರ್ ವರದಾ. "ಸಿಸ್ಟಮ್ಮಿಗೆ ಕಾಣಂಗಿಲ್ರಿ."

"ಅಕ್ಕೀಗೊಂದು ಕಾಲಂ ಕೂಡಿಸ್ರೆವ್ವಾ, ಮಗಳ ಬಾಳಿನ ಪ್ರಶ್ನೆ ಐತಿ."

ವರದಾ ಪ್ರಾಣೇಶರಿಗೆ ಫೋನ್ ಮಾಡಿದಳು. ಹತ್ತು ಚೀಲಕ್ಕಾಗಿ ಶೇಕಡಾ ನೂರನ್ನು ಕೆಡಿಸಲಾಗದೆಂದು ಅವರು ತೀರ್ಮಾನಿಸಿದರು, ನಾನು ಅನುಮೋದಿಸಿದೆ. ಪರ್ಮಿಟ್ ಬಂತು. ಅದರಂತೆ ಕಾವಲುಗಾರನೊಬ್ಬ ಲಾರಿ ಹತ್ತಿ, ಗೂಡ್ಸ್ ಗಾಡಿಗೆ ಅದಿರು ತುಂಬುವ ಸೈಡಿಂಗಿಗೆ ಕರೆದೊಯ್ದ, ಅಕ್ಕಿಯನ್ನು ಅದಿರಿನ ರಾಶಿಗೆ ಸುರಿಸಿದ. ಅರ್ಧ ಗಂಟೆಯಲ್ಲಿ ಅದು ಗೂಡ್ಸ್ ಗಾಡಿ ಹತ್ತಿತು. ಕರೀಮಸಾಬರು ಅಲ್ಲೇ ಕುಕ್ಕರಿಸಿ ಅತ್ತರಂತೆ. ಕೇಳಿ ನನಗೂ ಸಂಕಟವಾಯಿತು, ಆದರೆ ಸಂಕಟಕ್ಕೂ ಕಾಲಂ ಇರಲಿಲ್ಲ.

ಕೊಳಗಲ್ಲಿನಲ್ಲಿ ಬರಿಗೈಲಿ ಇಳಿದ ಕರೀಮಸಾಬರನ್ನು ಅಕ್ತರಬಿ ಬಾಗಿಲಲ್ಲೇ ತಡೆದರು.

"ಅಕ್ಕಿ ಎಲ್ಲೈತ್ರಿ?"

ಕರೀಮಸಾಬರು ಪರ್ಮಿಟ್ಟನ್ನು ಚಾಚಿದರು. ಅಕ್ತರಬಿ ಓದಿದರು: ಮಾಲೀಕರು ಕರೀಮಸಾಬ್, ಕಬ್ಬಿಣದ ಅದಿರು, ಹದಿನಾರು ಟನ್. ಅವರ ಮುಖ ಅರಳಿತು.

"ಯಾ ಅಲ್ಲಾ! ಮೈನ್ಸ್ ಮಾಲಕರೇನ್ರಿ ನೀವು? ಮದ್ಲ ಹೇಳಬಾರದೇನ್ರಿ ಬೀಗರ! ಕುರ್ಚಿ ತರ್ರಿ, ಫ್ಯಾನ್ ಹಚ್ರಿ!"

ಅಲ್ಲವೆನ್ನಲು ಕರೀಮಸಾಬರು ಬಾಯಿ ತೆರೆದರು. ಮೊದಲೇ ಬಂದು ಒಳಗೆ ಕುಳಿತಿದ್ದ ಮಗಳತ್ತ ನೋಡಿದರು. "ಎಲ್ಲಾ ದೇವರ ದಯಾ," ಎಂದು ಕುರ್ಚಿಯಲ್ಲಿ ಕುಳಿತರು.

ನಿಕಾ ಸಾಂಗವಾಗಿ ನೆರವೇರಿತು. ಮೈನ್ಸಿನವರ ಮದುವೆಯಲ್ಲಿ ಅನ್ನ ಕೇಳುವುದು ಮರ್ಯಾದೆಯಲ್ಲವೆಂದು ಮುನ್ನೂರು ಮಂದಿ ಶರಬತ್ತು ಕುಡಿದು ತೇಗಿ, ಊಟ ಭರ್ಜರಿಯಾಗಿತ್ತೆಂದು ಹೊಗಳಿ ಹೋದರು.

"ಅಬ್ಬಾಜಾನ್, ಹಸಿವಾಗೈತಿ," ಎಂದಳು ಸುಹಾನಾ.

"ಸುಮ್ನಿರವ್ವಾ," ಎಂದರು ಕರೀಮಸಾಬರು. "ಯಾರರೆ ಕೇಳಿಸ್ಕೊಂಡಾರು."