ಮನಾಸೆಯ ಕುರ್ಚಿ, ಅತ್ತೆಯ ಟಾರ್ಚು

ಲವಿನಿಯಾ ನಗಬಾರದ ಜಾಗದಲ್ಲಿ ನಕ್ಕುಬಿಟ್ಟಳು. ಹಿಂದಿನ ಶುಕ್ರವಾರದ ಸಿನಿಮಾದಲ್ಲಿ ಮುದಿ ರಾಜ ಪ್ರಾಣ ಬಿಡುತ್ತಿದ್ದ, ಚಾಪೆಯ ಮೇಲೆ ಕೂತಿದ್ದ ಊರಿಗೆ ಊರೇ ಮೂಗು ಒರೆಸಿಕೊಳ್ಳುತ್ತಿತ್ತು, ಆಗ ಹಿಂದಿನ ಸಾಲಿನಿಂದ ಅವಳ ನಗು ಕೇಳಿಸಿತು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವಾಗ ಅವಳೊಬ್ಬಳು ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಲವಿನಿಯಾ ಆಕ್ಲೆಂಡಿನಲ್ಲಿ ಸಂಸಾರ ಹೂಡಿ, ಯಾರದೋ ಮದುವೆಗೆಂದು ಊರಿಗೆ ಬಂದವಳು. ಇಂಗ್ಲಿಷ್ ಅವಳಿಗೆ ನೀರು ಕುಡಿದಷ್ಟು ಸಲೀಸು. ಅಂದಮೇಲೆ ಊರಿನವರಿಗೆ ಅನುಮಾನ ಬಾರದೆ ಇರುತ್ತದೆಯೇ?

ಅನುಮಾನ ಬಂದದ್ದು ಮನಾಸೆಯ ಮೇಲೆ. ಟೋಂಗಾದ ಹಾಪೈ ದ್ವೀಪದ ಆ ಊರಿನಲ್ಲಿ ಓದಿದ ಹುಡುಗರೆಲ್ಲ ರಾಜಧಾನಿ ಸೇರಿದ್ದರು. ಉಳಿದವರ ಇಂಗ್ಲಿಷ್ ಅಂಗಡಿಯ ಬೋರ್ಡು ಓದುವಷ್ಟರಲ್ಲೇ ಮುಗಿಯುತ್ತಿತ್ತು. ಅದಕ್ಕೇ ಶುಕ್ರವಾರ ಸಂಜೆ ಸಭಾಭವನದಲ್ಲಿ ಸಿನಿಮಾ ಹಾಕಿದರೆ, ಪರದೆಯ ಪಕ್ಕದ ಕುರ್ಚಿಯಲ್ಲಿ ಮನಾಸೆ ಮೈಕು ಹಿಡಿದು ಕೂರಬೇಕು. ಪರದೆಯ ಮೇಲಿನವರು ಇಂಗ್ಲಿಷಿನಲ್ಲಿ ಆಡಿದ್ದನ್ನು ಅವನು ಟೋಂಗನ್ ಭಾಷೆಯಲ್ಲಿ ಹೇಳಬೇಕು. ಅವನ ದೋಣಿ ಸೋರುತ್ತಿತ್ತು, ಹಂದಿಗಳು ಬಡಕಲು, ಗೆಣಸಿನ ತೋಟ ಕಳೆ ತಿಂದಿತ್ತು. ಆದರೆ ಆ ಕುರ್ಚಿಯಲ್ಲಿ ಕೂತ ಮೇಲೆ ಪಾದ್ರಿಯೂ ಅವನ ಮಾತಿಗೆ ಕಿವಿಗೊಡುತ್ತಿದ್ದರು. ಅವನಿಗೆ ಊರಿನಲ್ಲಿದ್ದ ಮರ್ಯಾದೆಯೆಲ್ಲ ಆ ಪ್ಲಾಸ್ಟಿಕ್ ಕುರ್ಚಿಯದೇ.

ಮನಾಸೆಗೆ ಇಂಗ್ಲಿಷ್ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಬೈಸಿಕೊಂಡೇ ಕಲಿತಿದ್ದ. ತೊಂದರೆ ಇದ್ದದ್ದು ಬೇರೆ ಕಡೆ. ಸಿನಿಮಾ ಎಂದರೆ ಪ್ರಾಣ ಬಿಡುವ ಅವನಿಗೆ ಈಚಿನ ಸಿನಿಮಾಗಳು ಒಂದೂ ಹಿಡಿಸುತ್ತಿರಲಿಲ್ಲ. ಮುಖವಾಡ ಹಾಕಿಕೊಂಡು ಹಾರಾಡುವವನನ್ನು 'ನೀನು ಯಾರ ಮಗನಪ್ಪ' ಎಂದು ಒಬ್ಬರಾದರೂ ಕೇಳಬೇಡವೇ? ಮಂತ್ರವಾದಿಗಳ ಸಿನಿಮಾದಲ್ಲಿ ಸೈನ್ಯ ಮೂರು ಗಂಟೆ ನಡೆಯುತ್ತದೆ, ಒಬ್ಬನೂ ಒಲೆ ಹಚ್ಚುವುದಿಲ್ಲ. ಹಾಸ್ಯದ ಸಿನಿಮಾದಲ್ಲಿ ಒಬ್ಬ ಬಿದ್ದರೆ ಉಳಿದವರು ನಗುತ್ತಾರೆ, ಎತ್ತುವವರಿಲ್ಲ. ಇಂಥದ್ದನ್ನು ಇದ್ದ ಹಾಗೆ ಹೇಳಲು ಮನಸ್ಸು ಬಾರದೆ ಮನಾಸೆ ಅಲ್ಲಲ್ಲಿ ತಿದ್ದುತ್ತಿದ್ದ. ಹಾರಾಡುವವನಿಗೆ ಒಬ್ಬ ಅತ್ತೆಯನ್ನು ಕೊಡುತ್ತಿದ್ದ, ಖಳನಾಯಕನನ್ನು ಸಾವಿನ ಮನೆಯಲ್ಲಿ ಕೆಲಸ ಮಾಡದೆ ಉಂಡುಹೋದ ದಾಯಾದಿಯನ್ನಾಗಿ ಮಾಡುತ್ತಿದ್ದ. ಊರು ಮೆಚ್ಚಿಕೊಂಡಿತ್ತು.

ಈ ಶುಕ್ರವಾರ ಬೆಳಿಗ್ಗೆ ಅಂಗಡಿಯ ಸೈಮೋನೆ ಒಂದು ಡಬ್ಬ ಹಿಡಿದುಕೊಂಡು ಮನಾಸೆಯ ಅಂಗಳಕ್ಕೆ ಬಂದ. ಹಿಂದೆಯೇ ಊರಿನ ಅಧಿಕಾರಿ ಫಿನೌ, ಏನೂ ಗೊತ್ತಿಲ್ಲದವನ ಹಾಗೆ ಆಕಾಶ ನೋಡುತ್ತ ನಿಂತ.

"ಕಣ್ಣು ಸರಿಯಾಗಿ ಕಾಣಲ್ಲ ಮಾರಾಯ, ಇದರ ಮೇಲೆ ಏನು ಬರೆದಿದೆ ಸ್ವಲ್ಪ ಓದು" ಎಂದ ಸೈಮೋನೆ.

"ದನದ ಮಾಂಸ. ಉಪ್ಪು ಹಾಕಿದ್ದು."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಡಬ್ಬದ ಮೇಲೆ ದನದ ಚಿತ್ರ ಇದೆಯಲ್ಲೋ! ನೀನು ಓದಿದ್ದು ದನಾನ, ಅಕ್ಷರಾನ?" ಎಂದ ಫಿನೌ.

"ಅಕ್ಷರಾನೇ ಓದಿದೆ ಕಣಯ್ಯ. ಲವಿನಿಯಾನ ಕೇಳಿ ಬೇಕಾದ್ರೆ."

"ಕೇಳಿದ್ವಿ. 'ಮನಾಸೆ ಚೆನ್ನಾಗಿ ಹೇಳಿದ' ಅಂದ್ಲು. ಅಷ್ಟು ಬೇಗ ಹೊಗಳಿದ್ರೆ ಯಾರು ನಂಬ್ತಾರೆ? ನಿನ್ನ ಅತ್ತೆ ಮಗಳಲ್ವಾ, ತಮ್ಮನನ್ನ ಬಿಟ್ಟುಕೊಡ್ತಾಳಾ?"

ಮಧ್ಯಾಹ್ನಕ್ಕೆ ಮುಂಚೆ ಅವರು ಇನ್ನೊಂದು ಉಪಾಯ ಹೂಡಿದರು. ಜೆಟ್ಟಿಯಲ್ಲಿ ಒಂದು ಹಾಯಿದೋಣಿ ನಿಂತಿತ್ತು, ಅದರಲ್ಲೊಬ್ಬ ಕೆಂಪು ಗಡ್ಡದ ಬಿಳಿಯ. ಅರ್ಧ ಊರನ್ನು ಬೆನ್ನಿಗೆ ಕಟ್ಟಿಕೊಂಡು ಫಿನೌ ಮನಾಸೆಯನ್ನು ಅಲ್ಲಿಗೆ ತಳ್ಳಿಕೊಂಡು ಹೋದ. ಮನಾಸೆ ಎದೆಯುಬ್ಬಿಸಿ ಇಂಗ್ಲಿಷಿನಲ್ಲಿ ಹವಾಮಾನದಿಂದ ಹಿಡಿದು ಅಡುಗೆಯವರೆಗೆ ಎಲ್ಲ ವಿಚಾರಿಸಿದ. ಬಿಳಿಯ ಕಣ್ಣು ಪಿಳಿಪಿಳಿ ಬಿಟ್ಟ, ತಲೆಯಾಡಿಸಿದ, ಎರಡು ಕೈಯನ್ನೂ ಮೇಲೆತ್ತಿ ಏನೋ ಗೊಣಗಿದ. ಅವನು ಫ್ರೆಂಚಿನವ. ಇಂಗ್ಲಿಷಿನ ಗಂಧಗಾಳಿಯೂ ಅವನಿಗಿರಲಿಲ್ಲ.

"ನೋಡಿದ್ರಾ? ಬಿಳಿಯನಿಗೇ ಇವನ ಇಂಗ್ಲಿಷ್ ಅರ್ಥ ಆಗ್ಲಿಲ್ಲ!" ಎಂದ ಸೈಮೋನೆ.

"ಅವನು ಫ್ರೆಂಚಿನೋನು ಕಣ್ರೋ!"

"ಬಿಳಿಯರಲ್ಲೂ ಜಾತಿ ಹುಡುಕ್ತಾನೆ ನೋಡು, ಸಿಕ್ಕಿಬಿದ್ದ ಮೇಲೆ" ಎಂದಳು ಬುಟ್ಟಿ ಹೊತ್ತಿದ್ದ ಒಬ್ಬ ಮುದುಕಿ.

ಸುದ್ದಿ ಮನಾಸೆಗಿಂತ ಮುಂಚೆ ಅವನ ಅತ್ತೆಯ ಮನೆ ತಲುಪಿತು. ಅತ್ತೆ ಕಲೋಲೈನೆ ಅವನ ತಂದೆಯ ಅಕ್ಕ. ತಂದೆಯ ಅಕ್ಕನಿಗೆ ಎದುರಾಡುವ ಗಂಡಸು ಆ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಅವಳು ಬಂದು 'ಈ ಹಂದಿ ನನಗೆ' ಎಂದರೆ ಹಗ್ಗ ಬಿಚ್ಚಿ ಕೊಡಬೇಕು, ಬಾಯಿ ಬಿಚ್ಚಬಾರದು.

"ನನ್ನ ತಮ್ಮನ ಮಗ ಸುಳ್ಳುಗಾರ ಅಂತ ಮಾತು ಬಂದಿದೆ" ಎಂದಳು ಅತ್ತೆ, ಚಾಪೆ ಹೆಣೆಯುತ್ತಲೇ. "ಇವತ್ತೇ ಇತ್ಯರ್ಥ ಆಗ್ಲಿ. ಲವಿನಿಯಾ ಹಿಂದಿನ ಸಾಲಲ್ಲಿ ಟಾರ್ಚ್ ಹಿಡ್ಕೊಂಡು ಕೂರ್ತಾಳೆ. ನೀನು ಪರದೆ ಬಿಟ್ಟು ಒಂದು ಮಾತು ಸೇರಿಸಿದ್ರೂ ಟಾರ್ಚ್ ಹಾಕ್ತಾಳೆ. ಹಾಕಿದ್ರೆ ನಿನ್ನ ಕುರ್ಚಿ ಹೋಯ್ತು ಅಂತ ತಿಳ್ಕೋ. ಏನೇ ಲವಿನಿಯಾ?"

"ಆಗ್ಲಿ ಅಮ್ಮ" ಎಂದಳು ಲವಿನಿಯಾ, ಫೋನಿನಿಂದ ತಲೆಯೆತ್ತದೆ. ಕಿವಿ ಮುಚ್ಚುವ ಹಾಗೆ ಕೂದಲು ಇಳಿಬಿಟ್ಟುಕೊಂಡಿದ್ದಳು, ಆಕ್ಲೆಂಡಿನ ಫ್ಯಾಷನ್ನು.

ಮನಾಸೆಗೆ ಪೇಚಿಗಿಟ್ಟುಕೊಂಡಿತು. ನಮ್ಮಲ್ಲಿ ಅತ್ತೆಯ ಮಗಳೆಂದರೆ ಮದುವೆಯ ಮಾತು ಬರಬಹುದು, ಅಲ್ಲಿ ಅವಳು ಒಡಹುಟ್ಟಿದ ಅಕ್ಕನೇ. ಅಕ್ಕ ತಮ್ಮ ಇಬ್ಬರೂ ಇರುವ ಕಡೆ ಪ್ರೇಮದ ಮಾತನ್ನು ಯಾರೂ ಎತ್ತುವುದಿಲ್ಲ, ಎತ್ತಿದವನು ಮನುಷ್ಯನೇ ಅಲ್ಲ. ಅದಕ್ಕೇ ಪರದೆಯ ಮೇಲೆ ಮುತ್ತು ಹತ್ತಿರ ಬಂದಾಗಲೆಲ್ಲ ಮನಾಸೆ ಪ್ರೇಮಿಗಳ ಬಾಯಲ್ಲಿ ಗೆಣಸಿನ ಬೆಳೆಯ ಮಾತಾಡಿಸಿ, ಪ್ರೊಜೆಕ್ಟರಿನ ಮುಂದೆ ತನ್ನ ಹುಲ್ಲಿನ ಟೋಪಿ ಹಿಡಿಯುತ್ತಿದ್ದ. ಟೋಪಿ ಹಿಡಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಇವತ್ತು ಗೆಣಸಿನ ಮಾತಾಡಿದರೆ ಟಾರ್ಚು!

ಸಂಜೆ ಸಭಾಭವನ ತುಂಬಿತು. ಕರಿದ ಹಿಟ್ಟಿನುಂಡೆಗಳ ಬಟ್ಟಲು ಸಾಲಿನಿಂದ ಸಾಲಿಗೆ ಹೋಯಿತು, ಆದರೆ ಮನಾಸೆಯ ಕಡೆಗೆ ಬರಲಿಲ್ಲ. ಅವತ್ತಿನ ಸಿನಿಮಾದಲ್ಲಿ ಮಾಂತ್ರಿಕ, ಹಾರಾಡುವವ, ಕೋಡಂಗಿ ಮೂವರೂ ಇದ್ದರು. ಮನಾಸೆ ದೇವರ ಮೇಲೆ ಭಾರ ಹಾಕಿ, ಜೀವನದಲ್ಲಿ ಮೊದಲ ಸಲ, ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದ.

"ಹಾರೋನು ಹೇಳ್ತಿದ್ದಾನೆ: 'ನಾನು ಈ ಪಟ್ಟಣಾನ ಉಳಿಸ್ತೀನಿ.'" ಪರದೆಯ ಮೇಲೆ ಹಾರುವವನು ಒಂದು ಸೇತುವೆ ಮುರಿದ.

"ಉಳಿಸ್ತೀನಿ ಅಂದವನು ಮುರೀತಾನಾ?" ಎಂದು ಯಾರೋ ಕೇಳಿದರು.

"ಅವನ ಅತ್ತೆ ಎಲ್ಲಿ?" ಎಂದಿತು ಇನ್ನೊಂದು ದನಿ.

"ಇವನಿಗೆ ಅತ್ತೆ ಇಲ್ಲ."

"ಹೋದ ತಿಂಗಳು ಇದ್ದಳಲ್ಲ!"

"ಅದು ಬೇರೆ ಸಿನಿಮಾ."

"ಕೋಡಂಗಿ ಏನೋ ಅಂದ, ಅದೇನು ಹೇಳು" ಎಂದ ಸೈಮೋನೆ.

ಮನಾಸೆ ಹೇಳಿದ. ಒಂದು ನಗುವೂ ಹುಟ್ಟಲಿಲ್ಲ. ಇಡೀ ಸಭಾಭವನ ಸಂಶಯದಿಂದ ಒಮ್ಮೆ ಅವನನ್ನು, ಒಮ್ಮೆ ಹಿಂದಿನ ಸಾಲನ್ನು ನೋಡಿತು. ಟಾರ್ಚು ಹತ್ತಲಿಲ್ಲ. ಅವನು ನಿಜ ಹೇಳಿದಷ್ಟೂ ಊರು ಗೊಣಗಿತು: ಇಷ್ಟು ಸಪ್ಪೆ ಸಿನಿಮಾ ತೆಗೆಯುವುದಕ್ಕೆ ಯಾರಿಗೆ ತಲೆ ಕೆಟ್ಟಿದೆ, ಇವನಿಗೆ ಅರ್ಥವೇ ಆಗುತ್ತಿಲ್ಲ. ಆದರೂ ಟಾರ್ಚು ಕತ್ತಲಲ್ಲೇ ಇತ್ತು, ಮನಾಸೆಗೆ ಉಸಿರು ಮರಳಿತು.

ಆಗ ಹಾರುವವನು ಒಂದು ಹುಡುಗಿಯ ಜೊತೆ ಮಾಳಿಗೆಯ ಮೇಲೆ ಇಳಿದ. ಚಂದ್ರ ಬಂದ, ಪಿಟೀಲು ಬಂತು. ಹುಡುಗಿ ಅವನ ಕೊರಳಿಗೆ ಕೈ ಹಾಕಿ ಏನೋ ಪಿಸುಗುಟ್ಟಿದಳು. ಮನಾಸೆ ಟೋಪಿ ಎತ್ತಿಕೊಂಡು ಗಂಟಲು ಸರಿಮಾಡಿಕೊಂಡ.

"ಊಟ ಆಯ್ತಾ ಅಂತ ಕೇಳ್ತಿದ್ದಾಳೆ."

ಹಿಂದಿನ ಸಾಲಿನಲ್ಲಿ ಟಾರ್ಚು ಝಗ್ಗನೆ ಹತ್ತಿತು.

"ಸಿಕ್ಕಿದ! ಸಿಕ್ಕಿದ!" ಎಂದು ಊರು ಎದ್ದು ಕುಣಿಯಿತು. ಫಿನೌ ಮೈಕಿಗೆ ಕೈ ಹಾಕಿದ. "ಸುಳ್ಳು! ಅವಳು ಏನಂದ್ಲು? ನಿಜ ಹೇಳು, ಇಲ್ಲಾ ಕುರ್ಚಿ ಬಿಡು!"

ಕುರ್ಚಿಯ ಮಾತು ಬಂದಾಗ ಮನಾಸೆಗೆ ಬುದ್ಧಿ ಮಂಕಾಯಿತು. ಅವನು ಕಣ್ಣು ಮುಚ್ಚಿಕೊಂಡು ಮೈಕಿನಲ್ಲಿ ಕಿರುಚಿದ: "'ನಿನ್ನ ಬಿಟ್ಟು ನಾನು ಬದುಕಲ್ಲ, ನನ್ನ ತುಟಿಗೆ ಮುತ್ತು ಕೊಡು' ಅಂತಿದ್ದಾಳೆ!"

ಹಿಡಿಯುವವರಿಲ್ಲದ ಟೋಪಿ ನೆಲಕ್ಕೆ ಬಿದ್ದಿತ್ತು, ಪರದೆಯ ಮೇಲೆ ಮುತ್ತು ಪೂರ್ತಿಯಾಗಿ ನಡೆದುಹೋಯಿತು. ಅಕ್ಕಂದಿರು ಎದ್ದು ಒಂದು ಬಾಗಿಲಿನಿಂದ, ತಮ್ಮಂದಿರು ಇನ್ನೊಂದು ಬಾಗಿಲಿನಿಂದ ಓಡಿದರು. ಪಾದ್ರಿಗಳು ಕೆಮ್ಮಿದರು. ಅತ್ತೆ ನಿಧಾನವಾಗಿ ಎದ್ದು ಬಂದು ಮನಾಸೆಯ ಕಿವಿ ಹಿಡಿದು ಕುರ್ಚಿಯಿಂದ ಎಬ್ಬಿಸಿ, ಬಾಗಿಲಿನ ಆಚೆ ಬಿಟ್ಟಳು.

ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಮನಾಸೆಗೆ ಅಳು ಬಂತು, ಅತ್ತ ಕೂಡ. ಸ್ವಲ್ಪ ದೂರದಲ್ಲಿ, ಅವನಿಗೆ ಬೆನ್ನು ತಿರುಗಿಸಿ ಲವಿನಿಯಾ ಬಂದು ನಿಂತಳು. ಅಂಥ ಮಾತು ಕೇಳಿದ ಮೇಲೆ ಅಕ್ಕ ತನ್ನ ಮುಖ ನೋಡುವುದು ಹೇಗೆ ಎಂದುಕೊಂಡ ಮನಾಸೆ.

"ಒಳಗೆ ಏನಾಯ್ತು? ಎಲ್ಲ ಯಾಕೆ ಓಡಿದ್ರು?" ಎಂದಳು.

"ನೀನೇ ಟಾರ್ಚ್ ಹಾಕಿ ನೀನೇ ಕೇಳ್ತೀಯಲ್ಲ ಅಕ್ಕ!"

"ಅಯ್ಯೋ, ಫೋನ್ ಕೇಳೋಕೆ ಕಿವಿಗೆ ಸಿಕ್ಕಿಸ್ಕೊಂಡಿದ್ದ ಗುಂಡಿ ಬಿದ್ದುಹೋಯ್ತು ಕಣೋ, ಟಾರ್ಚ್ ಹಾಕಿ ಚಾಪೆ ಸಂದೀಲಿ ಹುಡುಕ್ತಿದ್ದೆ. ಆಕ್ಲೆಂಡಿಂದ ನನ್ನ ನಾದಿನಿ ಅವಳ ಗಂಡನ ಕತೆಯೆಲ್ಲ ಫೋನಲ್ಲಿ ಹೇಳಿ ಕಳಿಸ್ತಾಳೆ, ಕೇಳ್ತಾ ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ."

"ಹೋದ ವಾರ ನಕ್ಕಿದ್ದು?"

"ನಾದಿನಿಯ ಗಂಡ ಏಣಿಯಿಂದ ಬಿದ್ದ ವಿಷಯಕ್ಕೆ. ಸಿನಿಮಾ ಯಾರು ನೋಡ್ತಾರೆ ಮಾರಾಯ, ಒಂದಕ್ಕೂ ತಲೆಬುಡ ಇರಲ್ಲ."

ಮನಾಸೆ ಇದನ್ನು ಊರಿಗೆಲ್ಲ ಕೂಗಿ ಹೇಳಬೇಕೆಂದು ಎದ್ದ. ಅಷ್ಟರಲ್ಲಿ ಒಳಗಿನಿಂದ ಮೈಕಿನಲ್ಲಿ ಅತ್ತೆಯ ದನಿ ಬಂತು. "ಲೋ ಮನಾಸೆ! ಬಾರೋ ಒಳಗೆ, ಟೋಪಿ ಹಿಡಿಯೋರಿಲ್ಲ ಇಲ್ಲಿ!"

ಪರದೆಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದಳು. ಓಡಿದವರೆಲ್ಲ ಒಬ್ಬೊಬ್ಬರಾಗಿ ಮರಳಿ ಬರುತ್ತಿದ್ದರು. ಇಂಗ್ಲಿಷಿನ ಒಂದಕ್ಷರವೂ ಬಾರದ ಅತ್ತೆ ಪರದೆಯನ್ನೊಮ್ಮೆ ನೋಡಿ ಶುರುಮಾಡಿದಳು: "ಈ ಹಾರೋನು ಅತ್ತೆ ಮನೆಗೆ ಹೊರಟಿದ್ದಾನೆ. ತಪ್ಪಾಯ್ತು ಅತ್ತೆ, ಇನ್ನು ಮೇಲೆ ಸುಳ್ಳು ಹೇಳಲ್ಲ, ಸೇತುವೆ ಕಟ್ಟಿಸಿಕೊಡ್ತೀನಿ ಅಂತಿದ್ದಾನೆ."

"ಆಹಾ! ಇದು ನೋಡಿ ಸಿನಿಮಾ!" ಎಂದ ಸೈಮೋನೆ. ಊರು ಚಪ್ಪಾಳೆ ತಟ್ಟಿತು, ಯಾರ ಮುಖದಲ್ಲೂ ಎಳ್ಳಷ್ಟೂ ಅನುಮಾನವಿರಲಿಲ್ಲ.

ಫಿನೌ ಮಾತ್ರ ಅಧಿಕಾರಿಯಲ್ಲವೇ, ನಿಯಮ ಬಿಡಲಿಲ್ಲ. ಟಾರ್ಚನ್ನು ತಂದು ಮನಾಸೆಯ ಕೈಗೆ ಕೊಟ್ಟ. "ಲವಿನಿಯಾ ಹೊರಗೆ ಹೋದ್ಲು. ಪರೀಕ್ಷೆಗೆ ಇನ್ನು ನೀನೇ. ನಿನ್ನ ಅತ್ತೆ ಎಲ್ಲಾದ್ರೂ ತಪ್ಪು ಹೇಳಿದ್ರೆ ಟಾರ್ಚ್ ಹಾಕು."

ಮೈಕು ಹಿಡಿದ ಅತ್ತೆ ತಿರುಗಿ ಮನಾಸೆಯನ್ನು ನೋಡಿದಳು. ಮನಾಸೆ ಒಂದು ಕೈಯಲ್ಲಿ ಟೋಪಿ ಎತ್ತಿ ಹಿಡಿದ. ಇನ್ನೊಂದು ಕೈಯಿಂದ ಟಾರ್ಚಿನ ಸೆಲ್ಲುಗಳನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡ.