ಬಾಗಿಲಲ್ಲಿ ಬಿಟ್ಟ ಚಪ್ಪಲಿ

ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರಿಗೆ ತಲೆ ಕೆಟ್ಟಿದೆ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸರಿ, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ, ಆದರೂ ಮಾತು ಸುಳ್ಳಲ್ಲ! ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಪಾಠಕ್ಕೆ ಹೋಗುವ ಮೇಷ್ಟ್ರನ್ನು ನೀವೆಲ್ಲಾದರೂ ಕಂಡಿದ್ದೀರಾ? ಭಕ್ತಿಯಿಂದಲ್ಲ ಸ್ವಾಮಿ. ಯಾವ ಮಗುವಿಗಾದರೂ ಲೆಕ್ಕ ಬಂದುಬಿಟ್ಟರೆ ತಕ್ಷಣ ಮೇಜು ಹತ್ತಬೇಕಲ್ಲ, ಅದಕ್ಕೆ ಪೂರ್ವಸಿದ್ಧತೆ! ಹತ್ತಿ ನಿಂತು, "ಬಂತು ಕಣ್ರಲಾ, ಬಂತು!" ಎಂದು ಕೂಗುತ್ತಾನೆ. ಪಕ್ಕದ ಕೋಣೆಯಲ್ಲಿ ನಾನು ವಿಜ್ಞಾನ ಹೇಳುತ್ತಿರುತ್ತೇನೆ. ನನ್ನ ಮಕ್ಕಳೆಲ್ಲ ಆ ಗೋಡೆಯ ಕಡೆ ತಿರುಗಿ ಕೂರುತ್ತಾರೆ.

ಏಕವಚನ ಯಾಕೆಂದರೆ ಈತ ನನ್ನ ಹಳೆಯ ಶಿಷ್ಯ. ಪಿರಿಯಾಪಟ್ಟಣದಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಮೊದಲ ಬೆಂಚಿನಲ್ಲಿ ಮೂಗು ಒರೆಸಿಕೊಂಡು ಕೂತಿದ್ದವನು. ಶಿಷ್ಯ ಮೀರಿಸಿದರೆ ಗುರುವಿಗೆ ಸಂತೋಷವಂತೆ. ಹಾಗೆ ಹೇಳಿದವರ ಶಿಷ್ಯ ಪಕ್ಕದ ಕೋಣೆಯಲ್ಲಿ ಇರಲಿಲ್ಲ, ಬಿಡಿ!

ಹೊಗೆಸೊಪ್ಪು ಮುರಿಯುವ ಕಾಲ ಬಂತೆಂದರೆ ನಾವಿಬ್ಬರೂ ಈಗಿರುವ ಹನಗೋಡು ಕಡೆ ಶಾಲೆ ಅರ್ಧ ಖಾಲಿ. ಮಕ್ಕಳು ಮನೆಯವರ ಜೊತೆ ಒಣಗಿಸುವ ಕಡ್ಡಿಗೆ ಸೊಪ್ಪು ಕಟ್ಟಲು ಕೂರುತ್ತಾರೆ. ಈ ವರ್ಷ ನೋಡುತ್ತೇನೆ, ಮೂರನೇ ಪೀರಿಯಡ್ಡಿಗೆ ಸರಿಯಾಗಿ ಕೈಯೆಲ್ಲ ಕಪ್ಪು ಅಂಟು ಮಾಡಿಕೊಂಡು ಓಡಿಬಂದರು, ಲೆಕ್ಕ ಕಲಿತರು, ವಾಪಸ್ ಓಡಿದರು! ನಾಲ್ಕನೆಯದು ನನ್ನ ಪಾಠ. ಉಳಿದವರು ನಾಲ್ಕೇ ಜನ, ಅದರಲ್ಲೊಬ್ಬನಿಗೆ ಕಾಲು ಉಳುಕಿತ್ತು.

ನಾನೂ ಉಪಾಯ ಮಾಡಿದೆ. ಲೆಕ್ಕದ ಮೇಷ್ಟ್ರೊಂದಿಗೆ ಪೀರಿಯಡ್ ಬದಲಾಯಿಸಿಕೊಂಡು ಮೂರನೆಯದಕ್ಕೆ ನಾನೇ ಹೋಗಿ ನಿಂತೆ. ಮಕ್ಕಳು ಗೇಟಿನವರೆಗೂ ಬಂದರು. "ಬಾಗಿಲಲ್ಲಿ ಚಪ್ಲಿ ಇಲ್ಲ ಕಣ್ಲಾ!" ಎಂದಿತು ಒಂದು ಧ್ವನಿ. ಅಷ್ಟೇ, ಎಲ್ಲ ತಿರುಗಿದರು. ಕೈಗೆ ಸಿಕ್ಕಿದವಳು ಒಬ್ಬಳೇ ಹುಡುಗಿ.

"ಸಾ, ಸೊಪ್ಪು ಕಟ್ಟೋದೈತೆ, ಅವ್ವ ಬಯ್ತದೆ."

"ನಿನ್ನೆ ಇರ್ಲಿಲ್ವೇನಮ್ಮ ಸೊಪ್ಪು?"

"ಇತ್ತು ಸಾ. ನಿನ್ನೆ ಲೆಕ್ಕನೂ ಇತ್ತಲ್ಲ!"

ಸಂಜೆ ನನ್ನ ಶಿಷ್ಯನನ್ನು ತಡೆದು ನಿಲ್ಲಿಸಿದೆ. "ಏನಯ್ಯ, ಮಕ್ಕಳಿಗೆ ಏನು ಮಂಕುಬೂದಿ ಎರಚಿದ್ದೀಯ? ವರ್ಷ ವರ್ಷ ಅದೇ ಲೆಕ್ಕ, ನಿನಗೆ ಬೇಜಾರಾಗಲ್ವಾ?"

ಅವನು ಹಳೆಯ ಹುಡುಗನ ಹಾಗೆ ಕೈಕಟ್ಟಿ ನಿಂತ. "ನಿಮ್ಮಿಂದ್ಲೇ ಕಲ್ತಿದ್ದು ಸಾ. ನೀವು ಬಂದ ವರ್ಷ ಸೆಲ್ಲು, ವೈರು ಕೊಟ್ಟು ಬಲ್ಬ್ ಹತ್ಸು ಅಂದ್ರಿ ನಂಗೆ. ಹತ್ಕೊತು. ನೀವು ಚಪ್ಲಿ ಕಳ್ದು ಮೇಜಿನ ಮ್ಯಾಕೆ ಹತ್ತಿ, 'ಬಂತು ಕಣ್ರಲಾ, ಬಂತು!' ಅಂತ ಕೂಗುದ್ರಿ. ನಾನು ಏನೋ ಮಾಡ್ದೆ ಅಂತ ಅಷ್ಟು ಖುಷಿಪಟ್ಟೋರು ನಮ್ಮನೇಲೂ ಯಾರೂ ಇರ್ನಿಲ್ಲ ಸಾ. ಆಗೋದಾದ್ರೆ ಮೇಷ್ಟ್ರೇ ಆಗ್ಬೇಕು ಅಂತ ಆವತ್ತೇ ಅನ್ಕೊಂಡೆ."

ನನಗೆ ನೆನಪೇ ಇರಲಿಲ್ಲ. ಹಾಗಾದರೆ ಇಷ್ಟು ದಿನ ನಾನು ಹೊಟ್ಟೆ ಉರಿದುಕೊಂಡದ್ದು ಯಾರ ಮೇಲೆ? ಆ ಎಳೆಯ ಮೇಷ್ಟ್ರನ್ನು ನಾನು ಎಲ್ಲಿ ಕಳೆದುಕೊಂಡೆನೋ, ಇವನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದ.

ಮರುದಿನ ಬಲ್ಬು, ಸೆಲ್ಲು, ವೈರು ಜೇಬಿಗೆ ತುಂಬಿಕೊಂಡು ಹೊರಟೆ. ನನಗೀಗ ಮಂಡಿನೋವು, ಮೇಜು ಹತ್ತುವುದು ದೂರದ ಮಾತು. ಆದರೂ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟೆ.